ದಿಲ್ಲಿಗೊಬ್ಬರು, ಬೆಂಗಳೂರಿಗೊಬ್ಬರು: ನಾಯಕರ ಮುಖ ಮತ್ತು ನಮ್ಮ ಓಟಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದೆ. ಅಷ್ಟೂ ವರ್ಷ ಚುನಾವಣೆ ಡ್ಯೂಟಿ ತಪ್ಪಲಿಲ್ಲ. ಈಗ ನಿವೃತ್ತಿ ಆಗಿದೆ, ಆದರೆ ಪ್ರಶ್ನೆಗಳು ನಿಂತಿಲ್ಲ. ಹಳೇ ವಿದ್ಯಾರ್ಥಿಗಳು ಫೋನ್ ಮಾಡಿ ಕೇಳುತ್ತಾರೆ, ಕಾಲೇಜಿಗೆ ಮಾತಾಡಲು ಹೋದಾಗ ಚೀಟಿ ಕಳಿಸುತ್ತಾರೆ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರೂ ಕೇಳುತ್ತಾರೆ. ಅವುಗಳಲ್ಲಿ ಮತ್ತೆ ಮತ್ತೆ ಬಂದವನ್ನು, ಕೇಳಿದವರ ಮಾತಿನಲ್ಲೇ, ಇಲ್ಲಿ ಇಟ್ಟಿದ್ದೇನೆ. ನನಗೆ ಚೆನ್ನಾಗಿ ಗೊತ್ತಿರುವುದು ಕರ್ನಾಟಕ. ಹಾಗಾಗಿ ಉದಾಹರಣೆಗಳೂ ಇಲ್ಲಿನವೇ ಜಾಸ್ತಿ.

## ಮೊದಲು ಸುಲಭದ್ದು

"ನಾನು ಬಟನ್ ಒತ್ತೋದು ನಮ್ಮ ಕ್ಷೇತ್ರದ ಅಭ್ಯರ್ಥಿಗೆ ತಾನೇ? ಪ್ರಧಾನಿ ಯಾರು ಅನ್ನೋ ಮಾತು ಅಲ್ಲಿ ಎಲ್ಲಿಂದ ಬಂತು?"

ಕಾನೂನಿನ ಪ್ರಕಾರ ನಿಮ್ಮ ಮಾತು ಸರಿ. ಮತಯಂತ್ರದ ಮೇಲೆ ಇರುವುದು ಅಭ್ಯರ್ಥಿಯ ಹೆಸರು, ಫೋಟೊ, ಪಕ್ಷದ ಗುರುತು. ಪ್ರಧಾನಿ ಆಗುವವರ ಹೆಸರು ಅವರ ಸ್ವಂತ ಕ್ಷೇತ್ರ ಬಿಟ್ಟು ಬೇರೆಲ್ಲೂ ಇರುವುದಿಲ್ಲ. ಲೋಕಸಭೆಯ 543 ಸದಸ್ಯರಲ್ಲಿ ಹೆಚ್ಚಿನವರು ಯಾರ ಹಿಂದೆ ನಿಲ್ಲುತ್ತಾರೋ ಅವರು ಪ್ರಧಾನಿ.

ಆದರೆ ಮತದಾರರ ಕಡೆಯಿಂದ ನೋಡಿ. ಕರ್ನಾಟಕದ ಒಂದು ಲೋಕಸಭಾ ಕ್ಷೇತ್ರ ಅಂದರೆ ಎಂಟು ವಿಧಾನಸಭಾ ಕ್ಷೇತ್ರ. ಎಷ್ಟೋ ಊರುಗಳಿಗೆ ಸಂಸದರು ಐದು ವರ್ಷದಲ್ಲಿ ಒಂದು ಸಲವೂ ಬಂದಿರುವುದಿಲ್ಲ. ಕಣ್ಣಿಗೆ ಕಾಣದ ಅಭ್ಯರ್ಥಿಯ ಜಾಗದಲ್ಲಿ ಕಣ್ಣಿಗೆ ಕಂಡ ನಾಯಕರು ಬಂದು ನಿಲ್ಲುತ್ತಾರೆ.

1989ರಲ್ಲಿ ನಾನಿದ್ದ ಮತಗಟ್ಟೆಗೆ ಒಬ್ಬ ಅಜ್ಜಿ ಬಂದರು. ಆ ಸಲ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಮತದಾನ. ಕೈಯಲ್ಲಿ ಒಂದು ಬಿಳಿ ಕಾಗದ, ಒಂದು ಗುಲಾಬಿ ಬಣ್ಣದ ಕಾಗದ, ಜೊತೆಗೆ ಒತ್ತುವ ಸೀಲು. "ಇಂದಿರಮ್ಮ ಇದರಲ್ಲಿ ಎಲ್ಲಿದಾಳಪ್ಪ?" ಎಂದು ಕೇಳಿದರು. ಇಂದಿರಾ ಗಾಂಧಿ ತೀರಿಕೊಂಡು ಐದು ವರ್ಷ ಆಗಿತ್ತು. ನಾವು ಹೇಳುವ ಹಾಗಿಲ್ಲ ಅಜ್ಜಿ, ನೀವೇ ನೋಡಿ ಒತ್ತಿ ಅಂದೆ. ಅವರು ಮರೆಯ ಹಿಂದೆ ತುಂಬ ಹೊತ್ತು ನಿಂತಿದ್ದರು. ಯಾವುದಕ್ಕೆ ಒತ್ತಿದರೋ ಗೊತ್ತಿಲ್ಲ, ಗೊತ್ತಾಗಲೂಬಾರದು. ಆದರೆ ಅವರು ಹುಡುಕುತ್ತಿದ್ದದ್ದು ಒಂದು ಮುಖವನ್ನು. ಕಾಗದದ ಮೇಲಿದ್ದ ಹೆಸರುಗಳಲ್ಲಿ ಒಂದೂ ಅವರಿಗೆ ಬೇಕಿರಲಿಲ್ಲ.

"ವರ್ಚಸ್ಸು, ವರ್ಚಸ್ಸು ಅಂತಾರಲ್ಲ, ಚೆನ್ನಾಗಿ ಭಾಷಣ ಮಾಡಿದ್ರೆ ಬರುತ್ತಾ?"

ಭಾಷಣದಿಂದ ಬರುವುದು ಸ್ವಲ್ಪ. ಎಪ್ಪತ್ತರ ದಶಕದ ಮುಖ್ಯಮಂತ್ರಿ ದೇವರಾಜ ಅರಸು ದೊಡ್ಡ ವಾಗ್ಮಿ ಅಂತ ಯಾರೂ ಹೇಳಲ್ಲ. ಎಚ್.ಡಿ. ದೇವೇಗೌಡರನ್ನು ಜನ "ಮಣ್ಣಿನ ಮಗ" ಎಂದು ಕರೆದದ್ದು ಭಾಷಣ ಕೇಳಿ ಅಲ್ಲ.

ಹಳ್ಳಿ ಕಟ್ಟೆಯ ಮಾತು ಗಮನಿಸಿದರೆ ಜನ ನಾಲ್ಕು ವಿಷಯ ತೂಗುತ್ತಾರೆ. ಇವರ ಕೈಯಲ್ಲಿ ಕೆಲಸ ಆಗುತ್ತಾ? ನಂಬಬಹುದಾ? ನಮ್ಮವರಾ? ಎದುರು ನಿಲ್ಲುವ ಗಟ್ಟಿತನ ಇದೆಯಾ? ಒಬ್ಬರಿಗೆ ನಾಲ್ಕರಲ್ಲೂ ಪೂರ್ತಿ ಅಂಕ ಸಿಗುವುದಿಲ್ಲ. "ಸ್ವಲ್ಪ ಹಾಗೇ ಹೀಗೇ, ಆದ್ರೆ ಕೆಲ್ಸ ಮಾಡ್ತಾರೆ" ಅನ್ನುವುದನ್ನು ನೀವೂ ಕೇಳಿರುತ್ತೀರಿ. ನಂಬಿಕೆಯಲ್ಲಿ ಕಡಿಮೆ ಬಿದ್ದದ್ದನ್ನು ಕೆಲಸ ತುಂಬಿಕೊಟ್ಟ ಮಾತು ಅದು.

ಮುಖ್ಯವಾದದ್ದು ಇನ್ನೊಂದಿದೆ. ಈ ತೂಕ ಯಾವಾಗಲೂ ಎದುರಿಗಿರುವವರ ಜೊತೆ ಹೋಲಿಸಿಯೇ ನಡೆಯುತ್ತದೆ. ಎದುರಿಗೆ ಯಾರೂ ಕಾಣದಿದ್ದರೆ ಸಾಧಾರಣ ನಾಯಕರೂ ದೊಡ್ಡವರಾಗಿ ಕಾಣುತ್ತಾರೆ.

"ಇದೆಲ್ಲ ಟಿವಿ, ಮೊಬೈಲ್ ಬಂದ ಮೇಲೆ ಶುರುವಾದದ್ದಲ್ವಾ?"

ಅಲ್ಲ. 1971ಕ್ಕೆ ಹೋಗಿ. ಆಗ ದೇಶದಲ್ಲಿ ಟಿವಿ ಇದ್ದದ್ದು ದಿಲ್ಲಿಯಲ್ಲಿ ಮಾತ್ರ. ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಅಂತಲೇ ಹೆಸರು. ಕಾಂಗ್ರೆಸ್ ಒಡೆದಿತ್ತು. ಇಂದಿರಾ ಗಾಂಧಿಯವರ ಎದುರು ಬಣದ ದೊಡ್ಡ ನಾಯಕರಾದ ಎಸ್. ನಿಜಲಿಂಗಪ್ಪ ನಮ್ಮವರೇ. ಮುಖ್ಯಮಂತ್ರಿ ವೀರೇಂದ್ರ ಪಾಟೀಲರೂ ಅದೇ ಬಣ. ಅಂದರೆ ಸರ್ಕಾರ, ಪಕ್ಷದ ಕಚೇರಿ, ಊರೂರಿನ ಮುಖಂಡರು ಎಲ್ಲ ಆ ಕಡೆ. ಫಲಿತಾಂಶ ಬಂದಾಗ 27ಕ್ಕೆ 27 ಸ್ಥಾನವೂ ಇಂದಿರಾ ಅವರ ಪಾಲಾಯಿತು. ಗುರುತೂ ಹೊಸದು. ಹಳೇ ಜೋಡೆತ್ತು ಹೋಗಿ ಹಸು-ಕರು ಬಂದಿತ್ತು.

ಇದರ ಹಿಂದೆ ಒಂದು ಲೆಕ್ಕಾಚಾರವೂ ಇತ್ತು. ಅಲ್ಲಿಯವರೆಗೆ ಲೋಕಸಭೆ, ವಿಧಾನಸಭೆ ಚುನಾವಣೆಗಳು ಹೆಚ್ಚಾಗಿ ಒಟ್ಟಿಗೇ ನಡೆಯುತ್ತಿದ್ದವು. ಊರಿನ ಮುಖಂಡರ ಹಿಡಿತ ಎರಡರ ಮೇಲೂ ಇರುತ್ತಿತ್ತು. ಇಂದಿರಾ ಒಂದು ವರ್ಷ ಮೊದಲೇ ಲೋಕಸಭೆ ವಿಸರ್ಜಿಸಿದರು. ಹಾಗಾಗಿ ಜನರ ಮುಂದೆ ಉಳಿದದ್ದು ಒಂದೇ ಪ್ರಶ್ನೆ: ದಿಲ್ಲಿಯಲ್ಲಿ ಇವರು ಬೇಕೋ ಬೇಡವೋ? "ಗರೀಬಿ ಹಟಾವೋ" ಅನ್ನುವ ಎರಡು ಪದ ಗೋಡೆ ಬರಹವಾಗಿ ಹಳ್ಳಿ ಹಳ್ಳಿಗೆ ಬಂತು. ಹಿಂದಿ ಬಾರದವರಿಗೂ ಅರ್ಥ ಆಯಿತು.

"ಹೊರಗಿನ ನಾಯಕರು ಇಲ್ಲಿ ಬಂದು ನಿಂತು ಗೆದ್ದು ಹೋಗ್ತಾರಲ್ಲ, ಅದು ಹೇಗೆ?"

ಎರಡು ಪ್ರಸಿದ್ಧ ಪ್ರಸಂಗ. 1978ರಲ್ಲಿ ಚಿಕ್ಕಮಗಳೂರು, 1999ರಲ್ಲಿ ಬಳ್ಳಾರಿ. ಚಿಕ್ಕಮಗಳೂರಿನಲ್ಲಿ ಡಿ.ಬಿ. ಚಂದ್ರೇಗೌಡರು ಸ್ಥಾನ ಬಿಟ್ಟುಕೊಟ್ಟರು, ಇಂದಿರಾ ಅವರು ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ಎದುರು ಸುಷ್ಮಾ ಸ್ವರಾಜ್ ನಿಂತರು. ಸುಷ್ಮಾ ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಕನ್ನಡದಲ್ಲೇ ಭಾಷಣ ಮಾಡಿದರು. ಸೋತದ್ದು ಸುಮಾರು 56 ಸಾವಿರ ಮತಗಳಿಂದ.

ಬಳ್ಳಾರಿಯಲ್ಲಿ ಗೆದ್ದವರ ಕಥೆಗಿಂತ ಸೋತವರ ಕಥೆ ನನಗೆ ದೊಡ್ಡದು. ಸೋನಿಯಾ ಅಮೇಠಿ ಇಟ್ಟುಕೊಂಡು ಬಳ್ಳಾರಿ ಬಿಟ್ಟರು. ಸುಷ್ಮಾ ವರಮಹಾಲಕ್ಷ್ಮಿ ಹಬ್ಬಕ್ಕೆ ವರ್ಷ ವರ್ಷ ಬಂದರು. 2004ರಲ್ಲಿ ಬಳ್ಳಾರಿ ಬಿಜೆಪಿಗೆ ಹೋಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಗಣಿ ದುಡ್ಡೂ ಸೇರಿ. ಆದರೆ "ಬಂದು ಹೋದವರು" ಮತ್ತು "ಸೋತರೂ ಬಂದವರು" ಅನ್ನುವ ವ್ಯತ್ಯಾಸವನ್ನು ಅಲ್ಲಿನ ಜನ ಮರೆಯಲಿಲ್ಲ.

## ಸ್ವಲ್ಪ ಒಳಗೆ ಹೋದರೆ

"1977ರಲ್ಲಿ ಉತ್ತರ ಭಾರತ ಇಂದಿರಾ ಗಾಂಧಿಯನ್ನ ಮನೆಗೆ ಕಳಿಸಿತು. ಕರ್ನಾಟಕ 26 ಸೀಟು ಕೊಟ್ಟಿತು. ನಮಗೆ ತುರ್ತು ಪರಿಸ್ಥಿತಿ ತಟ್ಟಲೇ ಇಲ್ವಾ?"

ತಟ್ಟಿತು. ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ವಾಜಪೇಯಿ, ಅಡ್ವಾಣಿ ಅವರಂಥವರನ್ನು ಇಟ್ಟಿದ್ದರು. ಕಲಾವಿದೆ ಸ್ನೇಹಲತಾ ರೆಡ್ಡಿ ಜೈಲಿನಲ್ಲಿ ನರಳಿ, ಹೊರಬಂದ ಕೆಲವೇ ದಿನಕ್ಕೆ ತೀರಿಕೊಂಡರು. ಇದನ್ನು ಸಣ್ಣದು ಅಂತ ನಾನು ಎಂದೂ ಹೇಳಲಾರೆ.

ಆದರೆ ಮತದಾರರ ಬಾಗಿಲಿಗೆ ಬಂದದ್ದು ಬೇರೆ ಬೇರೆ. ಉತ್ತರದ ಹಳ್ಳಿಗಳಿಗೆ ಬಲವಂತದ ಸಂತಾನಹರಣ ಚಿಕಿತ್ಸೆ ಬಂತು. ನಮ್ಮಲ್ಲಿ ಅದರ ಹಾವಳಿ ಅಷ್ಟು ಇರಲಿಲ್ಲ. ಅದೇ ಹೊತ್ತಿಗೆ ಇಲ್ಲಿನ ಗೇಣಿದಾರರ ಮನೆಗೆ 1974ರ ಭೂ ಸುಧಾರಣೆ ಕಾಯ್ದೆ ಬಂತು. ಏಳನೇ ನಮೂನೆ ಅರ್ಜಿ ತುಂಬಿ, ಭೂ ನ್ಯಾಯಮಂಡಳಿ ಮುಂದೆ ಕೈಮುಗಿದು ನಿಂತು, "ಉಳುವವನೇ ಹೊಲದೊಡೆಯ" ಅನ್ನುವುದನ್ನು ಜನ ಕಾಗದದಲ್ಲಿ ಕಂಡರು. ಹಿಂದುಳಿದವರಿಗೆ ಹಾವನೂರು ಆಯೋಗದ ವರದಿ 1975ರಲ್ಲಿ ಬಂತು.

ಒಬ್ಬರೇ ನಾಯಕಿ, ಒಂದೇ ದೇಶ. ರಾಯ್‌ಬರೇಲಿಯ ಮನೆಗಳಿಗೆ ಅವರು ಭಯ. ಶಿವಮೊಗ್ಗದ ಗೇಣಿದಾರರ ಮನೆಗೆ ಅವರು ಪಹಣಿಯಲ್ಲಿ ಕೂತ ಹೆಸರು. ನಾಯಕರ ಬಗ್ಗೆ ಅಭಿಪ್ರಾಯ ಹುಟ್ಟುವುದು ಹೀಗೆ, ಹೊಸ್ತಿಲ ಹತ್ತಿರ.

"ಭೂಮಿ ಕೊಟ್ಟದ್ದು ಅರಸು. ಮತ್ತೆ 1980ರಲ್ಲಿ ಅವರನ್ನೇ ಜನ ಯಾಕೆ ಕೈಬಿಟ್ಟರು?"

ಇದನ್ನು ಕೇಳುವವರ ದನಿಯಲ್ಲಿ ಯಾವಾಗಲೂ ನೋವಿರುತ್ತದೆ. ನನಗೂ ಇದೆ. 1979ರಲ್ಲಿ ಅರಸು ಇಂದಿರಾ ಅವರಿಂದ ದೂರವಾದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ಸಿಗೆ 28ರಲ್ಲಿ 27. ಅರಸು ಪಕ್ಷಕ್ಕೆ ಸೊನ್ನೆ. ಶಾಸಕರು ರಾತ್ರೋರಾತ್ರಿ ಬಣ ಬದಲಿಸಿದರು, ಗುಂಡೂರಾವ್ ಮುಖ್ಯಮಂತ್ರಿ ಆದರು.

ಎರಡು ಕಾರಣ ಕಾಣುತ್ತದೆ. ಒಂದು, ಅರಸು ತಾವು ಮಾಡಿದ ಕೆಲಸವನ್ನು ಏಳು ವರ್ಷ ಇಂದಿರಮ್ಮನ ಹೆಸರಿನಲ್ಲೇ ಹಂಚಿದ್ದರು. ಜಮೀನು ಸಿಕ್ಕವರ ಮನಸ್ಸಿನಲ್ಲಿ ಕೊಟ್ಟ ಕೈ ದಿಲ್ಲಿಯದು. ಎರಡು, ಅವತ್ತಿನ ಚುನಾವಣೆ ವಿಧಾನಸೌಧಕ್ಕೆ ನಡೆದದ್ದೇ ಅಲ್ಲ. ಜನತಾ ಪಕ್ಷದ ಜಗಳ ನೋಡಿ ಬೇಸತ್ತವರು ದಿಲ್ಲಿಗೆ ಗಟ್ಟಿ ಸರ್ಕಾರ ಬೇಕು ಅಂದುಕೊಂಡಿದ್ದರು. ಆ ಕುರ್ಚಿಗೆ ಅರಸು ಸ್ಪರ್ಧಿಯೇ ಆಗಿರಲಿಲ್ಲ. 1982ರಲ್ಲಿ ಅವರು ತೀರಿಕೊಂಡರು. ಮುಂದೆ ಅವರ ಹೆಸರಿಗೆ ಬಂದ ಗೌರವ ನೋಡಿದರೆ, ಜನ ಅವರನ್ನು ದ್ವೇಷಿಸಿ ಸೋಲಿಸಿದ್ದಲ್ಲ ಅನ್ನುವುದು ಗೊತ್ತಾಗುತ್ತದೆ.

"1984ರ ಡಿಸೆಂಬರಿನಲ್ಲಿ ಕಾಂಗ್ರೆಸ್, 1985ರ ಮಾರ್ಚಿನಲ್ಲಿ ಜನತಾ. ಮೂರು ತಿಂಗಳಲ್ಲಿ ನಮ್ಮ ಜನ ಮನಸ್ಸು ಬದಲಾಯಿಸಿಬಿಟ್ರಾ?"

ಇಲ್ಲ, ಮನಸ್ಸು ಬದಲಾಗಲಿಲ್ಲ. ಪ್ರಶ್ನೆ ಬದಲಾಯಿತು. ನನ್ನ ಮಟ್ಟಿಗೆ ಈ ಇಡೀ ಪುಟದ ಜೀವ ಇರುವುದು ಇಲ್ಲಿ.

1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿ ಆದರು. ಜನತಾ ಪಕ್ಷಕ್ಕಿದ್ದದ್ದು 95 ಸ್ಥಾನ. ಬಿಜೆಪಿಯ 18 ಮತ್ತು ಇತರರ ಬೆಂಬಲದಿಂದ ಸರ್ಕಾರ ನಡೆಯಿತು. ಯಾವತ್ತು ಬೀಳುತ್ತೋ ಅನ್ನುವ ಸ್ಥಿತಿ. 1984ರ ಅಕ್ಟೋಬರ್ 31ರಂದು ಇಂದಿರಾ ಹತ್ಯೆ. ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ರಾಜೀವ್ ಗಾಂಧಿ ಪರ ಅಲೆ ಎದ್ದಿತು. ದೇಶದಲ್ಲಿ ಕಾಂಗ್ರೆಸ್ 400 ದಾಟಿತು. ಗ್ವಾಲಿಯರ್‌ನಲ್ಲಿ ವಾಜಪೇಯಿ ಸೋತರು. ಕರ್ನಾಟಕದಲ್ಲಿ ಕಾಂಗ್ರೆಸ್ 24, ಜನತಾ 4.

ಹೆಗಡೆ ಆಗ ಮಾಡಿದ್ದನ್ನು ನೋಡಿ. ಅವರ ಸರ್ಕಾರಕ್ಕೆ ಕಾನೂನಿನ ಪ್ರಕಾರ ಏನೂ ಆಗಿರಲಿಲ್ಲ. ಆದರೂ ಜನ ನಮ್ಮನ್ನು ಒಪ್ಪಿಲ್ಲ ಅಂತ ರಾಜೀನಾಮೆ ಕೊಟ್ಟು, ವಿಧಾನಸಭೆ ವಿಸರ್ಜಿಸಿ ಮತ್ತೆ ಜನರ ಮುಂದೆ ಬಂದರು. ಮಾರ್ಚಿನಲ್ಲಿ ಜನತಾ ಪಕ್ಷಕ್ಕೆ 224ರಲ್ಲಿ 139. ಕಾಂಗ್ರೆಸ್ಸಿಗೆ 65. ಡಿಸೆಂಬರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮತ ಪಡೆದಿದ್ದ ಕಾಂಗ್ರೆಸ್ ಮಾರ್ಚಿನಲ್ಲಿ ಶೇಕಡಾ 41ರ ಹತ್ತಿರಕ್ಕೆ ಇಳಿಯಿತು.

ಈ ಮೂರು ತಿಂಗಳಲ್ಲಿ ರಾಜೀವ್ ಅವರ ಹೆಸರು ಕೆಟ್ಟಿರಲಿಲ್ಲ. ಇನ್ನೂ ಮಧುಚಂದ್ರದ ಕಾಲ. ಆದರೆ ಬೆಂಗಳೂರಿನ ಕುರ್ಚಿಗೆ ರಾಜೀವ್ ಬಂದು ಕೂರುವುದಿಲ್ಲ ಅನ್ನುವುದು ಹಳ್ಳಿಯವರಿಗೂ ಗೊತ್ತಿತ್ತು. ಇಲ್ಲಿ ಯಾರು ಅಂತ ಕೇಳಿದರೆ ಕಾಂಗ್ರೆಸ್ಸಿನಲ್ಲಿ ಉತ್ತರ ಇರಲಿಲ್ಲ. ಜನತಾ ಪಕ್ಷದಲ್ಲಿ ಇತ್ತು. ಜೊತೆಗೆ ಊರ ಮುಂದಿನ ಬೋರ್‌ವೆಲ್ ಇತ್ತು. ಗ್ರಾಮೀಣಾಭಿವೃದ್ಧಿ ಮಂತ್ರಿ ಅಬ್ದುಲ್ ನಜೀರ್ ಸಾಬ್ ಕುಡಿಯುವ ನೀರಿಗಾಗಿ ಎಷ್ಟು ಕೊಳವೆ ಬಾವಿ ಕೊರೆಸಿದರೆಂದರೆ ಅವರ ಹೆಸರೇ "ನೀರ್ ಸಾಬ್" ಆಯಿತು. ಒಂದು ಕೊಡ ನೀರಿಗೆ ಮೈಲಿ ನಡೆಯುತ್ತಿದ್ದ ಹೆಂಗಸು ಹ್ಯಾಂಡ್‌ಪಂಪಿನ ಹಿಡಿ ಒತ್ತಿದಾಗ ಅವಳ ಕೈಗೆ ಸರ್ಕಾರ ಸಿಕ್ಕಿತು.

ಆಗ ನಾನು ಇಪ್ಪತ್ತರ ಹರೆಯದವ. ನಮ್ಮ ಸೋದರಮಾವ ಡಿಸೆಂಬರಿನಲ್ಲಿ ಒಂದು ಗುರುತು, ಮಾರ್ಚಿನಲ್ಲಿ ಇನ್ನೊಂದು ಗುರುತು ಅಂತ ಮನೆಯಲ್ಲಿ ರಾಜಾರೋಷವಾಗಿ ಹೇಳುತ್ತಿದ್ದರು. "ಏನ್ ಮಾವ, ಅಷ್ಟು ಬೇಗ ಪಾರ್ಟಿ ಬದಲಾಯಿಸಿಬಿಟ್ರಲ್ಲ" ಅಂದೆ. "ಪಾರ್ಟಿ ಎಲ್ಲಿ ಬದಲಾಯಿಸ್ದೆ? ಅದು ತಾಯಿ ಕಳ್ಕೊಂಡ ಹುಡುಗನಿಗೆ, ಇದು ನೀರು ಕೊಟ್ಟೋರಿಗೆ" ಅಂದರು. ಮುಂದೆ ಎಷ್ಟೋ ಪುಸ್ತಕ ಓದಿದ್ದೇನೆ. ಇಷ್ಟು ಚೆನ್ನಾಗಿ ಹೇಳಿದವರನ್ನು ಕಾಣೆ.

"ಅಷ್ಟು ಒಳ್ಳೆ ಹೆಸರಿದ್ದ ಹೆಗಡೆಯವರ ಪಕ್ಷ 1989ರಲ್ಲಿ 24ಕ್ಕೆ ಇಳಿದದ್ದು ಹೇಗೆ?"

ಯಾವ ಗುಣಕ್ಕೆ ಹೆಸರು ಬಂದಿತ್ತೋ ಆ ಗುಣಕ್ಕೇ ಪೆಟ್ಟು ಬಿತ್ತು. ಹೆಗಡೆ ಅಂದರೆ ಮೌಲ್ಯಾಧಾರಿತ ರಾಜಕಾರಣ. ಸಾರಾಯಿ ಬಾಟ್ಲಿಂಗ್ ಗುತ್ತಿಗೆ ವಿಷಯದಲ್ಲಿ ಹೈಕೋರ್ಟ್ ಟೀಕಿಸಿದಾಗ 1986ರಲ್ಲಿ ರಾಜೀನಾಮೆ ಕೊಟ್ಟು ವಾಪಸ್ ತೆಗೆದುಕೊಂಡರು. 1988ರಲ್ಲಿ ಟೆಲಿಫೋನ್ ಕದ್ದಾಲಿಕೆ ಪ್ರಕರಣದಲ್ಲಿ ಕುರ್ಚಿ ಬಿಟ್ಟರು. ಕೆಲಸಗಾರ ಅಂತ ಹೆಸರಾದವರಿಗೆ ಇಂಥ ಆರೋಪ ಬಂದರೆ ಜನ ಸ್ವಲ್ಪ ಸಹಿಸುತ್ತಾರೆ. ಪ್ರಾಮಾಣಿಕ ಅಂತ ಹೆಸರಾದವರಿಗೆ ಆ ರಿಯಾಯಿತಿ ಇಲ್ಲ. ಅದರ ಮೇಲೆ ಜನತಾ ಪರಿವಾರದ ಒಳಜಗಳ, ಹೆಗಡೆ ನಂತರ ಬಂದ ಬೊಮ್ಮಾಯಿ ಸರ್ಕಾರದ ವಜಾ. 1989ರಲ್ಲಿ ಕಾಂಗ್ರೆಸ್ಸಿಗೆ 178.

"ಎರಡೂ ಚುನಾವಣೆ ಒಂದೇ ದಿನ ನಡೆದರೆ ಜನ ಗೊಂದಲ ಆಗಿ ಒಂದೇ ಪಕ್ಷಕ್ಕೆ ಒತ್ತಲ್ವಾ?"

"ಒಂದು ದೇಶ ಒಂದು ಚುನಾವಣೆ" ಮಾತು ಬಂದ ಮೇಲೆ ಇದನ್ನು ಕೇಳುವವರು ಜಾಸ್ತಿ. 1971ರ ಆಮೇಲೆ ಕರ್ನಾಟಕದಲ್ಲಿ 1989, 1999, 2004 ಮೂರು ಸಲ ಎರಡೂ ಒಟ್ಟಿಗೆ ನಡೆದಿವೆ. 1989ರಲ್ಲಿ ಎರಡೂ ಒಂದೇ ಕಡೆ ಹರಿದವು. ಲೋಕಸಭೆಯ 28ರಲ್ಲಿ 27 ಕೂಡ ಕಾಂಗ್ರೆಸ್ಸಿಗೇ ಹೋಯಿತು.

2004 ಹಾಗಲ್ಲ. ಬಿಜೆಪಿಗೆ ಲೋಕಸಭೆಯಲ್ಲಿ 28ಕ್ಕೆ 18, ವಿಧಾನಸಭೆಯಲ್ಲಿ 224ಕ್ಕೆ 79. ಮತದ ಲೆಕ್ಕದಲ್ಲಿ ಲೋಕಸಭೆಗೆ ಸುಮಾರು ಶೇಕಡಾ 35, ವಿಧಾನಸಭೆಗೆ ಸುಮಾರು 28. ಅದೇ ದಿನ, ಅದೇ ಕೋಣೆ, ಅದೇ ಬೆರಳು. ಆ ಸಲ ಮತಯಂತ್ರ ಎರಡು. ಲೋಕಸಭೆಯದ್ದಕ್ಕೆ ಬಿಳಿ ಹಾಳೆ, ವಿಧಾನಸಭೆಯದ್ದಕ್ಕೆ ಗುಲಾಬಿ ಹಾಳೆ. ನಾನಿದ್ದ ಬೂತಿನಲ್ಲಿ ಒಬ್ಬರು ಒಳಗೆ ಬಂದವರೇ "ಸಾರ್, ದಿಲ್ಲಿದು ಯಾವುದು, ಬೆಂಗಳೂರಿದು ಯಾವುದು?" ಎಂದು ಕೇಳಿ ಖಾತ್ರಿ ಮಾಡಿಕೊಂಡೇ ಮುಂದೆ ಹೋದರು. ಗೊಂದಲ ಇದ್ದವರು ಹೀಗೆ ಕೇಳುವುದಿಲ್ಲ.

ಹಾಗಂತ ಎಲ್ಲರೂ ಬೇರೆ ಬೇರೆ ಮಾಡುತ್ತಾರೆ ಅಂತಲ್ಲ. ಹೆಚ್ಚಿನವರು ಒಂದೇ ಗುರುತಿಗೆ ಒತ್ತುತ್ತಾರೆ. ಬೇರೆ ಮಾಡುವವರು ನೂರಕ್ಕೆ ಏಳೆಂಟು ಜನ ಇದ್ದರೂ ಸರ್ಕಾರ ಬದಲಾಗಲು ಅಷ್ಟು ಸಾಕು. ಚುನಾವಣೆಗಳು ಒಟ್ಟಿಗೆ ನಡೆದಾಗ ದಿಲ್ಲಿಯ ಮುಖ ದೊಡ್ಡದಾಗಿ, ಜಿಲ್ಲೆಯ ವಿಷಯ ಚಿಕ್ಕದಾಗಿ ಕಾಣುವ ಅಪಾಯ ಇದ್ದೇ ಇದೆ. 1985ರಲ್ಲಿ ನಮಗೆ ಸಿಕ್ಕ ಆ ಮೂರು ತಿಂಗಳ ಬಿಡುವು ಇನ್ನೊಬ್ಬರಿಗೂ ಸಿಗಲಿ ಅಂತ ನನ್ನ ಆಸೆ.

## ಇನ್ನೂ ಆಳಕ್ಕೆ

"ಜಾತಿ ಲೆಕ್ಕ ಹಾಕಿದ್ರೆ ಮುಗೀತು, ನಾಯಕರ ಗುಣ ಗಿಣ ಎಲ್ಲ ಸುಮ್ನೆ ಅಲ್ವಾ?"

ಜಾತಿ ದೊಡ್ಡ ವಿಷಯವೇ. "ನಮ್ಮವರು" ಅನ್ನುವುದರಲ್ಲಿ ಜಾತಿ ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಬರೀ ಜಾತಿಯೇ ಎಲ್ಲ ಆಗಿದ್ದರೆ ದೇವೇಗೌಡರು 1999ರಲ್ಲಿ ಹಾಸನದಲ್ಲಿ ಸೋಲುತ್ತಿರಲಿಲ್ಲ. ಸೋಲಿಸಿದವರೂ ಗೌಡರೇ. 2019ರಲ್ಲಿ ಮಂಡ್ಯದಲ್ಲಿ ಅವರ ಮೊಮ್ಮಗ ಪಕ್ಷೇತರರಾದ ಸುಮಲತಾ ಎದುರು ಸೋಲುತ್ತಿರಲಿಲ್ಲ. ಜಾತಿ ಬಾಗಿಲು ತೆರೆಸುತ್ತದೆ. ಒಳಗೆ ಕರೆದು ಕೂರಿಸುವುದಕ್ಕೆ ಬೇರೆ ಏನಾದರೂ ಬೇಕು.

"ಒಬ್ಬ ನಾಯಕರನ್ನ ಪಕ್ಷ ಕೆಳಗಿಳಿಸಿದ್ರೆ ಅಷ್ಟೊಂದು ನಷ್ಟ ಯಾಕೆ ಆಗುತ್ತೆ?"

ಜನ ಅದನ್ನು ಪಕ್ಷದ ಒಳಗಿನ ವಿಷಯ ಅಂತ ನೋಡುವುದಿಲ್ಲ. ಮನೆಯ ಹಿರಿಯರಿಗೆ ಆದ ಅವಮಾನ ಅಂತ ನೋಡುತ್ತಾರೆ. 1990ರಲ್ಲಿ, ಆ ಹೊತ್ತಿಗೆ ಕಾಂಗ್ರೆಸ್ಸಿನ ಮುಖ್ಯಮಂತ್ರಿ ಆಗಿದ್ದ ವೀರೇಂದ್ರ ಪಾಟೀಲರು ಕಾಯಿಲೆಯಲ್ಲಿದ್ದರು. ಬೆಂಗಳೂರಿಗೆ ಬಂದು ಅವರನ್ನು ನೋಡಿಹೋದ ರಾಜೀವ್ ಗಾಂಧಿ, ಮುಖ್ಯಮಂತ್ರಿ ಬದಲಾವಣೆ ಎಂದು ವಿಮಾನ ನಿಲ್ದಾಣದಲ್ಲಿ ಹೇಳಿ ಹೊರಟರು. ಆ ವಿಮಾನ ನಿಲ್ದಾಣದ ಕಥೆಯನ್ನು ಉತ್ತರ ಕರ್ನಾಟಕದಲ್ಲಿ ಇವತ್ತಿಗೂ ಹೇಳುತ್ತಾರೆ. 178 ಸ್ಥಾನದ ಕಾಂಗ್ರೆಸ್ 1994ರಲ್ಲಿ 34ಕ್ಕೆ ಬಂತು. ಬಂಗಾರಪ್ಪ ಬೇರೆ ಪಕ್ಷ ಕಟ್ಟಿದ್ದೂ ಸೇರಿ ಕಾರಣಗಳು ಹಲವು ಇದ್ದವು. ಆದರೆ ಪಾಟೀಲರ ಸಮುದಾಯದವರಾದ ಲಿಂಗಾಯತರು ಕಾಂಗ್ರೆಸ್ಸಿನಿಂದ ದೂರ ಸರಿಯಲು ಶುರುವಾದದ್ದು ಅಲ್ಲಿಂದಲೇ ಎಂದು ಹೆಚ್ಚಿನವರು ಒಪ್ಪುತ್ತಾರೆ.

ಬಿ.ಎಸ್. ಯಡಿಯೂರಪ್ಪ ಅವರದ್ದು ಇನ್ನೊಂದು ಬಗೆ. ಲೋಕಾಯುಕ್ತ ವರದಿಯ ನಂತರ 2011ರಲ್ಲಿ ಕುರ್ಚಿ ಬಿಟ್ಟರು, ಬಿಜೆಪಿಯಿಂದ ಹೊರಬಂದು ಕೆಜೆಪಿ ಅನ್ನುವ ಸ್ವಂತ ಪಕ್ಷ ಕಟ್ಟಿದರು. 2013ರಲ್ಲಿ ಅವರಿಗೆ ಸಿಕ್ಕದ್ದು 6 ಸ್ಥಾನ. ಆದರೆ ಶೇಕಡಾ 10ರಷ್ಟು ಮತ ಕಿತ್ತುಕೊಂಡರು, 110 ಇದ್ದ ಬಿಜೆಪಿ 40ಕ್ಕೆ ಕುಸಿಯಿತು. ಒಬ್ಬ ನಾಯಕರ ತೂಕ ಎಷ್ಟು ಅಂತ ಇಷ್ಟು ಸ್ಪಷ್ಟವಾಗಿ ಗೊತ್ತಾಗುವ ಸಂದರ್ಭ ಅಪರೂಪ. ತಮ್ಮ ಬಲಕ್ಕೆ ಸೀಟು ಸಾಲಲಿಲ್ಲ, ಪಕ್ಷವನ್ನು ಸೋಲಿಸಲು ಸಾಕಾಯಿತು.

"ನಾಯಕರು ಜನಪ್ರಿಯರು ಅಂತ ಎಲ್ಲ ಸಮೀಕ್ಷೆ ಹೇಳಿದ್ರೂ ಪಕ್ಷ ಸೋತುಬಿಡುತ್ತಲ್ಲ?"

2004ರಲ್ಲಿ ವಾಜಪೇಯಿ ಅವರಷ್ಟು ಜನಪ್ರಿಯರು ಕಣದಲ್ಲಿ ಇನ್ನೊಬ್ಬರಿರಲಿಲ್ಲ. "ಭಾರತ ಹೊಳೆಯುತ್ತಿದೆ" ಅನ್ನುವ ಜಾಹೀರಾತು ಬೇರೆ. ಆದರೆ ಬಿಜೆಪಿ 138ಕ್ಕೆ ನಿಂತಿತು, ಕಾಂಗ್ರೆಸ್ 145. ವಾಜಪೇಯಿ ಅವರನ್ನು ಜನ ತಿರಸ್ಕರಿಸಿದರು ಅಂತ ಇದಕ್ಕೆ ಅರ್ಥ ಹಚ್ಚುವುದು ತಪ್ಪು. ಆಂಧ್ರದಲ್ಲಿ ಚಂದ್ರಬಾಬು ನಾಯ್ಡು ಮೇಲಿನ ಸಿಟ್ಟು ಬಿಜೆಪಿ ಜೊತೆಗಿದ್ದ ತೆಲುಗು ದೇಶಂ ಪಕ್ಷವನ್ನು 42ರಲ್ಲಿ 5ಕ್ಕೆ ತಂದಿತು. ತಮಿಳುನಾಡಿನಲ್ಲಿ ಬಿಜೆಪಿ ಕೂಟಕ್ಕೆ 39ರಲ್ಲಿ ಒಂದೂ ಇಲ್ಲ. ಬರಗಾಲ ಕಂಡ ರೈತರಿಗೆ ಹೊಳೆಯುವುದು ಏನೂ ಕಾಣಲಿಲ್ಲ.

2018ರ ಸಿದ್ದರಾಮಯ್ಯ ಅವರದ್ದು ಬೇರೆ ಪಾಠ. ಅನ್ನಭಾಗ್ಯದ ಹೆಸರಿತ್ತು. ಅವರ ಪಕ್ಷಕ್ಕೆ ಶೇಕಡಾ 38ರಷ್ಟು ಮತ, ಬಿಜೆಪಿಗೆ 36. ಸ್ಥಾನ ಮಾತ್ರ ಬಿಜೆಪಿಗೆ 104, ಕಾಂಗ್ರೆಸ್ಸಿಗೆ 80ರ ಆಸುಪಾಸು. ಮತ ಎಲ್ಲ ಕಡೆ ತೆಳ್ಳಗೆ ಹರಡಿದ್ದರೆ ಹೀಗಾಗುತ್ತದೆ. ಅವರೇ ಚಾಮುಂಡೇಶ್ವರಿಯಲ್ಲಿ ಸೋತು, ಬಾದಾಮಿಯಲ್ಲಿ ಎರಡು ಸಾವಿರಕ್ಕಿಂತ ಕಡಿಮೆ ಅಂತರದಲ್ಲಿ ಗೆದ್ದರು.

"ಮೋದಿ ಪ್ರಭಾವ ಎಷ್ಟು ಅಂತ ಲೆಕ್ಕ ಹಾಕೋಕೆ ಆಗುತ್ತಾ? ಎಲ್ಲರೂ ಬಾಯಿಗೆ ಬಂದ ಹಾಗೆ ಹೇಳ್ತಾರೆ."

ಪೂರ್ತಿ ಆಗುವುದಿಲ್ಲ. ಹತ್ತಿರ ಹೋಗಬಹುದು. ಒಂದು ದಾರಿ ಸಮೀಕ್ಷೆ. "ಮೋದಿ ಪ್ರಧಾನಿ ಅಭ್ಯರ್ಥಿ ಅಲ್ಲದಿದ್ದರೆ ನೀವು ಯಾರಿಗೆ ಹಾಕುತ್ತಿದ್ದಿರಿ?" ಅಂತ ಲೋಕನೀತಿ ಸಂಸ್ಥೆಯವರು ಮತದಾನದ ನಂತರ ಕೇಳಿದ್ದಾರೆ. ಬಿಜೆಪಿ ಕೂಟಕ್ಕೆ ಮತ ಹಾಕಿದವರಲ್ಲಿ 2014ರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು, 2019ರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಬೇರೆ ಮಾಡುತ್ತಿದ್ದೆವು ಅಂದರು. ಆದರೆ ಆಗದೇ ಹೋದ ಸಂಗತಿಯ ಬಗ್ಗೆ ಜನ ಕೊಡುವ ಉತ್ತರ ಅದು, ಸ್ವಲ್ಪ ಹುಷಾರಾಗಿ ತೆಗೆದುಕೊಳ್ಳಬೇಕು.

ಇನ್ನೊಂದು ದಾರಿ ನಮ್ಮ ರಾಜ್ಯದ ಅಂಕಿಗಳೇ. 2018ರ ವಿಧಾನಸಭೆಯಲ್ಲಿ ಬಿಜೆಪಿಗೆ ಶೇಕಡಾ 36. ಮರುವರ್ಷ ಲೋಕಸಭೆಯಲ್ಲಿ 51, ಸ್ಥಾನ 25. ಎದುರಿಗೆ ಕಾಂಗ್ರೆಸ್, ಜೆಡಿಎಸ್ ಕೈಜೋಡಿಸಿದ್ದವು. ಹಿಂದಿನ ವರ್ಷ ಇಬ್ಬರ ಮತ ಕೂಡಿಸಿದರೆ 56. ಅದು 42ರ ಆಸುಪಾಸಿಗೆ ಇಳಿಯಿತು. ಅಲ್ಲಿಯವರೆಗೆ ಸೋಲೇ ಕಾಣದ ಮಲ್ಲಿಕಾರ್ಜುನ ಖರ್ಗೆಯವರೂ ಕಲಬುರಗಿಯಲ್ಲಿ ಸೋತರು. ಇಷ್ಟು ದೊಡ್ಡ ಜಿಗಿತಕ್ಕೆ ಅಭ್ಯರ್ಥಿಗಳು ಕಾರಣ ಅಂದರೆ ನಂಬಲಾಗದು.

2023ರಿಂದ 2024ಕ್ಕೆ ಬನ್ನಿ, ಲೆಕ್ಕ ಹಾಕುವವರು ಅಲ್ಲಿ ಎಡವುತ್ತಾರೆ. ಕಾಂಗ್ರೆಸ್ 135 ಗೆದ್ದು, ಮರುವರ್ಷ ಲೋಕಸಭೆಯಲ್ಲಿ 9ಕ್ಕೆ ನಿಂತಿತು. ಮತ್ತೆ ಮೋದಿ ಅಲೆ ಅಂತ ಕೆಲವರು ಬರೆದರು. ಮತ ನೋಡಿ: ಕಾಂಗ್ರೆಸ್ 43ರಿಂದ 45ಕ್ಕೆ ಏರಿದೆ. ಸ್ಥಾನ ಹೋದದ್ದು ಬಿಜೆಪಿ, ಜೆಡಿಎಸ್ ಈ ಸಲ ಒಂದಾದದ್ದರಿಂದ. 2023ರಲ್ಲಿ ಆ ಇಬ್ಬರ ಮತ ಕೂಡಿಸಿದರೆ 49, 2024ರಲ್ಲಿ 52ರ ಹತ್ತಿರ. ನಾಯಕರ ಪಾಲು ಅಲ್ಲಿ ಇದ್ದರೂ ಅದು 2019ರಷ್ಟು ದೊಡ್ಡದಲ್ಲ. ಬರೀ ಸೀಟು ಎಣಿಸಿದರೆ ಈ ಎರಡೂ ಒಂದೇ ಥರ ಕಾಣುತ್ತವೆ, ಅದಕ್ಕೇ ಇಷ್ಟು ಉದ್ದ ಹೇಳಿದೆ.

"ನಾಯಕರು ಇಷ್ಟ ಆದ್ದರಿಂದ ಪಕ್ಷಕ್ಕೆ ಹಾಕ್ತಾರೋ, ಪಕ್ಷ ಇಷ್ಟ ಇರೋದ್ರಿಂದ ನಾಯಕರೂ ಇಷ್ಟ ಆಗ್ತಾರೋ?"

ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ, ಬಹಳ ಚೆನ್ನಾದ ಪ್ರಶ್ನೆ. ಎರಡೂ ನಡೆಯುತ್ತದೆ. ಹಳೇ ಕಾರ್ಯಕರ್ತರಿಗೆ ಪಕ್ಷ ಯಾರನ್ನು ತಂದು ನಿಲ್ಲಿಸಿದರೂ ಅವರಲ್ಲಿ ಗುಣ ಕಾಣುತ್ತದೆ. ಅವರ ಮೆಚ್ಚುಗೆಯಿಂದ ಏನೂ ತಿಳಿಯುವುದಿಲ್ಲ. ನಾಯಕರ ನಿಜವಾದ ಪ್ರಭಾವ ನೋಡಬೇಕಾದದ್ದು ಯಾವ ಕಡೆಗೂ ಗಟ್ಟಿಯಾಗಿ ಅಂಟಿಕೊಳ್ಳದವರಲ್ಲಿ. ನಮ್ಮ ಮಾವನಂಥವರಲ್ಲಿ. 1971, 1985, 2019 ಮೂರರಲ್ಲೂ ಫಲಿತಾಂಶ ತಿರುಗಿಸಿದವರು ಅವರೇ.

"ಮುಖ ನೋಡಿ ಓಟು ಹಾಕೋದು ತಪ್ಪು ಅಂತ ನಮ್ಮ ಮೇಷ್ಟ್ರು ಹೇಳಿದ್ರು. ನಿಮ್ಮ ಅಭಿಪ್ರಾಯ?"

ನಾನೂ ತರಗತಿಯಲ್ಲಿ ಹಾಗೇ ಹೇಳುತ್ತಿದ್ದೆ. ಈಗ ಹೇಳಲ್ಲ. ಪ್ರಣಾಳಿಕೆ ಪೂರ್ತಿ ಓದುವಷ್ಟು ಬಿಡುವು ಕೂಲಿ ಮಾಡುವವರಿಗೆ ಎಲ್ಲಿದೆ? ಮಾತು ಕೊಟ್ಟವರು ಹಿಂದೆ ನಡೆದುಕೊಂಡ ರೀತಿ ನೋಡಿ ನಂಬುವುದು, ಸಾಲ ಕೊಡುವಾಗ, ಹೆಣ್ಣು ಕೊಡುವಾಗ ನಾವೆಲ್ಲ ಮಾಡುವ ಕೆಲಸವೇ. ತಪ್ಪು ಆಗುವುದು ಬೇರೆ ಕಡೆ. ದಿಲ್ಲಿಯ ಮುಖ ತೋರಿಸಿ ತಾಲ್ಲೂಕಿನ ಕೆಲಸಕ್ಕೆ ಓಟು ಕೇಳಿದಾಗ, ಅಥವಾ ನಾಯಕರ ಫೋಟೊದ ಹಿಂದೆ ನಿಂತ ಅಭ್ಯರ್ಥಿ ಯಾರು ಅಂತ ನಾವು ಕೇಳದೇ ಬಿಟ್ಟಾಗ. ಬೂತಿನಿಂದ ಹೊರಬಂದವರಿಗೆ ತಾವು ಹಾಕಿದ ಅಭ್ಯರ್ಥಿಯ ಹೆಸರು ಗೊತ್ತಿಲ್ಲ ಅಂದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

"ನಮ್ಮೂರಲ್ಲಿ ನಾಯಕರ ಪ್ರಭಾವ ಎಷ್ಟಿತ್ತು ಅಂತ ನಾನೇ ನೋಡಬಹುದಾ?"

ನೋಡಬಹುದು, ಕಷ್ಟವೂ ಇಲ್ಲ. ಪ್ರತಿ ಚುನಾವಣೆ ಆದ ಮೇಲೆ ಮತಗಟ್ಟೆವಾರು ಲೆಕ್ಕ ನಮೂನೆ 20ರಲ್ಲಿ ಬರುತ್ತದೆ. ಕರ್ನಾಟಕದ ಮುಖ್ಯ ಚುನಾವಣಾಧಿಕಾರಿಯವರ ಜಾಲತಾಣದಲ್ಲಿ ಹಾಕುತ್ತಾರೆ. 2023ರ ವಿಧಾನಸಭೆಯದ್ದು, 2024ರ ಲೋಕಸಭೆಯದ್ದು ಎರಡನ್ನೂ ಇಳಿಸಿಕೊಳ್ಳಿ. ನಿಮ್ಮ ಬೂತಿನ ಸಾಲು ಹುಡುಕಿ. ಬೂತ್ ಸಂಖ್ಯೆ ಬದಲಾಗಿರಬಹುದು. ಹಾಗಾಗಿ ಸಂಖ್ಯೆಯ ಜೊತೆಗೆ ಶಾಲೆಯ ಹೆಸರನ್ನೂ ಮತದಾರರ ಪಟ್ಟಿಯಲ್ಲಿ ತಾಳೆ ನೋಡಿ. ಮೈತ್ರಿ ಇದ್ದಲ್ಲಿ ಎರಡು ಪಕ್ಷದ ಮತ ಕೂಡಿಸಿಕೊಳ್ಳಿ. ಆಮೇಲೆ ಬರುವ ವ್ಯತ್ಯಾಸದಲ್ಲಿ ದಿಲ್ಲಿಯ ಮುಖ ಎಷ್ಟು, ಊರಿನ ಅಭ್ಯರ್ಥಿ ಎಷ್ಟು ಅನ್ನುವುದು ಅಲ್ಲಿನವರಾದ ನಿಮಗೆ ನನಗಿಂತ ಚೆನ್ನಾಗಿ ಗೊತ್ತಾಗುತ್ತದೆ. ಎರಡು ಬೂತಿನ ಲೆಕ್ಕ ಮಾಡಲು ಒಂದು ಸಂಜೆ ಸಾಕು. ಮಾಡಿದವರು ಬರೆದು ಕಳಿಸಿ, ನಾನು ಕೂತು ಓದುತ್ತೇನೆ.